ಸಾಲಿನ ತುದಿಯ ಬಾತು

ನಿದ್ದೆಯನ್ನು ಕುರಿತು ಮಾತನಾಡುವ ಅಧಿಕಾರ ಯಾರಿಗಿದೆ ಎಂದು ಕೇಳಿದರೆ, ವೈದ್ಯರಿಗೆ, ಯೋಗಿಗಳಿಗೆ ಎಂದು ನೀವು ಹೇಳಬಹುದು. ನನ್ನ ಅಭಿಪ್ರಾಯದಲ್ಲಿ ಆ ಅಧಿಕಾರ ಕಾಲೇಜಿನ ಕನ್ನಡ ಅಧ್ಯಾಪಕನಿಗೆ ಸೇರಿದ್ದು. ಅದರಲ್ಲಿಯೂ ಮಧ್ಯಾಹ್ನ ಎರಡು ಗಂಟೆಗೆ ಹಳಗನ್ನಡ ಪಾಠ ಮಾಡುವವನಿಗೆ. ಹದಿನೆಂಟು ವರ್ಷಗಳಿಂದ ನಾನು ಆ ಹೊತ್ತಿನಲ್ಲಿ ಪಂಪನನ್ನು ಕಲಿಸುತ್ತ ಬಂದಿದ್ದೇನೆ. ಉಂಡು ಬಂದ ಹೊಟ್ಟೆ, ತಲೆಯ ಮೇಲೆ ತಿರುಗುವ ಫ್ಯಾನು, ಎದುರಿಗೆ ಚಂಪೂಕಾವ್ಯ. ಈ ಮೂರೂ ಒಂದೆಡೆ ಕೂಡಿದರೆ ದೇವತೆಗಳೂ ತೂಕಡಿಸಿಯಾರು, ಹುಡುಗರ ಪಾಡೇನು!

ಇಷ್ಟು ವರ್ಷ ನಿದ್ರಿಸುವವರನ್ನು ಎದುರಿಗಿಟ್ಟುಕೊಂಡು ಬದುಕಿದವನು ಅವರನ್ನು ವರ್ಗೀಕರಿಸದೆ ಇರುವುದು ಹೇಗೆ? ಕೆಲವರದು ಮೀನಿನ ನಿದ್ದೆ. ಕಣ್ಣು ಪೂರ್ತಿ ತೆರೆದಿರುತ್ತದೆ, ದೃಷ್ಟಿ ನನ್ನ ಮೇಲೆಯೇ ಇರುತ್ತದೆ, ಒಳಗೆ ಮಾತ್ರ ಯಾರೂ ಇರುವುದಿಲ್ಲ. ಕೆಲವರದು ಕೊಕ್ಕರೆಯ ನಿದ್ದೆ. ಗಲ್ಲಕ್ಕೆ ಕೈಯಾನಿಸಿ, ಕತ್ತು ತುಸು ಬಾಗಿಸಿ, ಕಾವ್ಯಾರ್ಥ ಚಿಂತನೆಯಲ್ಲಿ ಮುಳುಗಿದವರಂತೆ ಕುಳಿತಿರುತ್ತಾರೆ. ಕೆಲವರದು ಕೋಳಿನಿದ್ದೆ. ತಲೆ ತಟ್ಟನೆ ಬೀಳುತ್ತದೆ, ಅಷ್ಟೇ ತಟ್ಟನೆ ಏಳುತ್ತದೆ. ಎದ್ದ ತಲೆ, ನಾನು ಹೇಳಿದ್ದನ್ನೆಲ್ಲ ಒಪ್ಪಿದಂತೆ ಎರಡು ಸಲ ಆಡುತ್ತದೆ. ಇನ್ನು ಹಿಂದಿನ ಬೆಂಚಿನಲ್ಲಿ ಕುಂಭಕರ್ಣನ ವಂಶದವರು ಇದ್ದೇ ಇರುತ್ತಾರೆ. ಒಮ್ಮೆ ಅರ್ಜುನನಿಗೆ ಗುಡಾಕೇಶನೆಂಬ ಹೆಸರುಂಟು, ಹಾಗೆಂದರೆ ನಿದ್ದೆಯನ್ನು ಗೆದ್ದವನು ಎಂದು ವಿವರಿಸುತ್ತಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಹಿಂದಕ್ಕೆ ತಿರುಗಿ ನೋಡಿದಳು. ಅವಳ ದೃಷ್ಟಿ ಹೋದ ಕಡೆಗೆ ನಾನೂ ನೋಡಿದೆ. ಸೋತವರ ಸಾಲೇ ಅಲ್ಲಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಒಬ್ಬರು ನಮ್ಮೆದುರಿಗೆ ನಿದ್ದೆ ಮಾಡುತ್ತಾರೆಂದರೆ ನಮ್ಮನ್ನು ನಂಬಿದ್ದಾರೆಂದು ಅರ್ಥ. ಹುಲಿಯ ಎದುರಿಗೆ ಯಾರೂ ತೂಕಡಿಸುವುದಿಲ್ಲ. ಗಣಿತದ ಮೇಷ್ಟರ ತರಗತಿಯಲ್ಲಿ ಇದೇ ಹುಡುಗರು ಎವೆಯಿಕ್ಕದೆ ಕುಳಿತಿರುತ್ತಾರೆಂದು ಕೇಳಿದ್ದೇನೆ.

ಇಂಥ ನಾನು ಕಳೆದ ಮಳೆಗಾಲದಲ್ಲಿ ನಿದ್ದೆಗೆಟ್ಟೆ. ಅದಕ್ಕೊಂದು ಪೂರ್ವಕಥೆಯುಂಟು. ತಂದೆಯವರು ತೀರಿಕೊಂಡ ಮೇಲೆ ಅಮ್ಮ ಊರಿನ ಮನೆಯನ್ನು ಬಿಟ್ಟು ಮೈಸೂರಿಗೆ ಬಂದು ನಮ್ಮೊಡನೆ ಇದ್ದಾಳೆ. ಎಪ್ಪತ್ತಾರು ವರ್ಷ. ರಾತ್ರಿ ಎಂಟೂವರೆಗೆ ಮಲಗಿದರೆ ಎರಡು ಗಂಟೆಗೆ ಎದ್ದುಬಿಡುತ್ತಾಳೆ. ಎದ್ದು ಸುಮ್ಮನಿರುವಳೇ? ಮೊದಲು ಹಿತ್ತಲ ಬಾಗಿಲ ಚಿಲಕ ಅಲುಗಿಸಿ ನೋಡುವಳು. ಆಮೇಲೆ ಅಡುಗೆಮನೆಯಲ್ಲಿ ಗ್ಯಾಸಿನ ತಿರುಪು. ಆಮೇಲೆ ಮಗುವಿನ ಹೊದಿಕೆ. ಕಡೆಯಲ್ಲಿ ಮುಂಬಾಗಿಲ ಚಿಲಕ. ಬಳಿಕ ತಾಮ್ರದ ಚೊಂಬಿನ ಮುಚ್ಚಳ ತೆಗೆದು ನೀರು ಕುಡಿದು ಕೋಣೆಗೆ ಹೋಗುವಳು. ಈ ಗಸ್ತು ನಡೆಯುವಾಗ ಮನೆಯ ಯಾವುದಾದರೊಂದು ವಸ್ತು ಸದ್ದು ಮಾಡದೆ ಬಿಡುತ್ತಿರಲಿಲ್ಲ. ಸದ್ದಿಗೆ ನಾನು ಏಳದೆ ಇರುತ್ತಿರಲಿಲ್ಲ. ವೈದ್ಯರನ್ನು ಕೇಳಿದ್ದಾಯಿತು. ಅವರು ಅಮ್ಮನನ್ನು ಚೆನ್ನಾಗಿ ನೋಡಿ, "ಇದು ವಯಸ್ಸಿನ ನಿದ್ದೆ. ಗುಳಿಗೆ ಬೇಡ. ಕತ್ತಲಲ್ಲಿ ಎಡವದ ಹಾಗೆ ಹಜಾರದಲ್ಲಿ ಒಂದು ಸಣ್ಣ ದೀಪ ಹಾಕಿಡಿ" ಎಂದರು. ದೀಪ ಹಾಕಿದೆ. ಆದರೆ ಒಂದು ರಾತ್ರಿ ತಾಳ್ಮೆಗೆಟ್ಟು ಅಮ್ಮನಿಗೆ ಒಂದು ಮಾತು ಅಂದೆ. ಏನಂದೆನೆಂಬುದನ್ನು ಈಗಲೇ ಹೇಳಲು ನಾಲಗೆ ಏಳದು. ಮರುರಾತ್ರಿಯಿಂದ ಸದ್ದು ನಿಂತಿತು. ವಿಚಿತ್ರವೆಂದರೆ, ನನ್ನ ನಿದ್ದೆಯೂ ನಿಂತಿತು. ಎರಡು ಗಂಟೆಗೆ ಸರಿಯಾಗಿ ಎಚ್ಚರವಾಗುವುದು, ಏನೂ ಕೇಳಿಸದು, ಮತ್ತೆ ಎವೆಗೆ ಎವೆ ಕೂಡದು.

ಹಸಿದವನು ಅಡುಗೆಯ ಪುಸ್ತಕ ಓದುವಂತೆ, ನಿದ್ದೆ ಬಾರದ ನಾನು ನಿದ್ದೆಯನ್ನು ಕುರಿತು ಓದತೊಡಗಿದೆ. ಮನುಷ್ಯರ ನಿದ್ದೆಯ ಪುಸ್ತಕಗಳು ಬೇಗ ಬೇಸರ ತಂದವು. ಅವುಗಳಲ್ಲಿ ಉಪದೇಶ ಹೆಚ್ಚು. ಪ್ರಾಣಿಗಳ ನಿದ್ದೆಗೆ ಬಂದೆ. ಅಲ್ಲಿ ಯಾರೂ ಯಾರಿಗೂ ಉಪದೇಶ ಮಾಡುವುದಿಲ್ಲ. ಒಂದೊಂದು ಜೀವವೂ ತನ್ನ ತನ್ನ ಭಯಕ್ಕೆ ತಕ್ಕಷ್ಟು ಕಣ್ಣು ಮುಚ್ಚುತ್ತದೆ.

ಇದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯಲ್ಲ. ವಿದ್ಯಾರ್ಥಿಗೆ ಕಾಗೆಯ ಚಟುವಟಿಕೆ, ಬಕನ ಧ್ಯಾನ, ನಾಯಿಯ ನಿದ್ದೆ ಇರಬೇಕೆಂದು ಹೇಳುವ ಹಳೆಯ ಸುಭಾಷಿತವನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ನಾಯಿ ಮಲಗಿರುತ್ತದೆ, ಕಿವಿ ಮಲಗಿರುವುದಿಲ್ಲ. ಮೀನಿಗೆ ಮುಚ್ಚಲು ರೆಪ್ಪೆಯೇ ಇಲ್ಲ. ಅದು ಮಲಗುವುದು ತೆರೆದ ಕಣ್ಣಿನಲ್ಲಿ. ಅಮರಕೋಶದಲ್ಲಿ 'ಅನಿಮಿಷ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ: ದೇವತೆ ಎಂದೊಂದು, ಮೀನು ಎಂದೊಂದು. ಎವೆಯಿಕ್ಕದವರು ಇಬ್ಬರೇ. ಒಬ್ಬರು ಎಲ್ಲರನ್ನೂ ಕಾಯಬೇಕಾದವರು, ಇನ್ನೊಬ್ಬರು ಎಲ್ಲರಿಂದಲೂ ತಮ್ಮನ್ನು ಕಾಯ್ದುಕೊಳ್ಳಬೇಕಾದವರು. ಇಷ್ಟು ವರ್ಷ ಈ ಶಬ್ದವನ್ನು ಹುಡುಗರಿಗೆ ಬರೆಯಿಸಿದ್ದೇನೆ. ಆ ಎರಡು ಅರ್ಥಗಳು ಯಾಕೆ ಪಕ್ಕಪಕ್ಕದಲ್ಲಿ ಕುಳಿತಿವೆಯೆಂದು ಯೋಚಿಸಿರಲಿಲ್ಲ.

ಕಾಯಬೇಕಾದ ಕಷ್ಟವೂ ಇಲ್ಲದೆ, ಅಂಜಬೇಕಾದ ಕಷ್ಟವೂ ಇಲ್ಲದೆ ಮಲಗುವ ಪ್ರಾಣಿ ಯಾವುದೆಂದು ನೋಡಬೇಕಾದರೆ ನಮ್ಮ ಮನೆಯ ಬೆಕ್ಕನ್ನು ನೋಡಬೇಕು. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಅದು ನಿದ್ದೆಯಲ್ಲಿ ಕಳೆಯುತ್ತದೆ. ನನ್ನ ಕುರ್ಚಿ, ನಾನು ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು, ಇಸ್ತ್ರಿ ಮಾಡಿಟ್ಟ ಪಂಚೆ, ಇವು ಅದರ ಹಾಸಿಗೆಗಳು. ಹೊಟ್ಟೆ ಮೇಲೆ ಮಾಡಿ, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಮಲಗುವ ಆ ನಿಶ್ಚಿಂತೆಯನ್ನು ಕಂಡು ನನಗೆ ಅಸೂಯೆಯಾಗಿದೆ. ಬೆಕ್ಕಿನ ಈ ನಿದ್ದೆಯಿಂದ ವಿಜ್ಞಾನಕ್ಕೆ ದೊಡ್ಡ ಉಪಕಾರವೂ ಆಯಿತು. ೧೯೫೯ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ನಗರದ ಮಿಷೆಲ್ ಝುವೆ ಎಂಬ ವಿಜ್ಞಾನಿ, ನಿದ್ದೆಯ ಒಂದು ಘಟ್ಟದಲ್ಲಿ ಬೆಕ್ಕಿನ ಮಿದುಳು ಎಚ್ಚರದಲ್ಲಿದ್ದಂತೆ ಚುರುಕಾಗಿರುತ್ತದೆ, ಮೈಯ ಸ್ನಾಯುಗಳು ಮಾತ್ರ ಕಸುವೆಲ್ಲ ಸೋರಿಹೋದಂತೆ ಸಡಿಲಾಗಿರುತ್ತವೆ ಎಂಬುದನ್ನು ಕಂಡ. ಈ ಘಟ್ಟಕ್ಕೆ ಅವನು ಕೊಟ್ಟ ಹೆಸರನ್ನು ಕನ್ನಡಿಸಿದರೆ 'ವಿರೋಧಾಭಾಸದ ನಿದ್ದೆ' ಎಂದಾಗುತ್ತದೆ. ವಿಜ್ಞಾನಿಯೊಬ್ಬ ನಿದ್ದೆಗೆ ಅಲಂಕಾರಶಾಸ್ತ್ರದ ಹೆಸರಿಟ್ಟನಲ್ಲ ಎಂದು ನನಗೆ ಪರಮ ಸಂತೋಷವಾಯಿತು. ಮನುಷ್ಯರು ಎದ್ದು ಹೇಳಬಲ್ಲ ಕನಸುಗಳಲ್ಲಿ ಹೆಚ್ಚಿನವು ಬೀಳುವುದು ಇಂಥ ನಿದ್ದೆಯಲ್ಲಿಯೇ.

ಆದರೆ ಮೈ ಸಡಿಲಾಗುವ ಈ ನಿದ್ದೆ ಎಲ್ಲರಿಗೂ ಸುಲಭವಲ್ಲ. ಜಟಕಾ ಕುದುರೆಯನ್ನು ನೋಡಿ. ಗಿರಾಕಿ ಸಿಗುವವರೆಗೆ ಅದು ನಿಂತಲ್ಲೇ ಒಂದು ಹಿಂಗಾಲನ್ನು ತುಸು ಮಡಿಸಿ ತೂಕಡಿಸುತ್ತಿರುತ್ತದೆ. ಅದರ ಹಿಂಗಾಲಿನ ಮಂಡಿಚಿಪ್ಪು ಕೊಂಡಿಯಂತೆ ಸಿಕ್ಕಿಕೊಂಡು ನಿಲ್ಲುತ್ತದೆ. ಆದ್ದರಿಂದ ಹೆಚ್ಚು ಶ್ರಮವಿಲ್ಲದೆ ನಿಂತೇ ಜೊಂಪು ಹತ್ತಿಸಿಕೊಳ್ಳಬಲ್ಲುದು. ಹೆದರಿಸುವಂಥದ್ದೇನಾದರೂ ಬಂದರೆ ನಿಂತ ನಿಲುವಿನಲ್ಲೇ ಓಟ. ಆದರೆ ಕನಸಿನ ನಿದ್ದೆಗೆ ಕುದುರೆಯೂ ಮೈಚಾಚಿ ನೆಲಕ್ಕೊರಗಲೇಬೇಕು. ಒರಗಬೇಕಾದರೆ ಧೈರ್ಯ ಬೇಕು. ಗುಂಪಿನಲ್ಲಿ ಇನ್ನೊಂದು ಕುದುರೆ ನಿಂತು ಕಾಯುತ್ತಿದ್ದರೆ ಆ ಧೈರ್ಯ ಬರುತ್ತದೆ. ಜಿರಾಫೆಯದೂ ಇದೇ ಕಥೆ. ಆ ಉದ್ದದ ಕತ್ತನ್ನು ಹಿಂದಕ್ಕೆ ಬಾಗಿಸಿ ಸೊಂಟದ ಮೇಲೆ ತಲೆಯಿಟ್ಟು ಅದು ಗಾಢವಾಗಿ ಮಲಗುವುದು ಒಂದೊಂದು ಸಲಕ್ಕೆ ಕೆಲವೇ ನಿಮಿಷ.

ಆನೆಯ ವಿಷಯ ಓದುವ ಮೊದಲೇ ಕಂಡಿದ್ದೆ. ಕೆಲವು ವರ್ಷಗಳ ಹಿಂದೆ ದಸರೆಯ ಸಮಯದಲ್ಲಿ, ಪರಿಚಿತರೊಬ್ಬರ ದೆಸೆಯಿಂದ, ಕಾಡಿನಿಂದ ಬಂದ ಆನೆಗಳು ಬಿಡಾರ ಮಾಡಿದ್ದ ಅರಮನೆಯ ಆವರಣಕ್ಕೆ ರಾತ್ರಿ ಹೊತ್ತು ಹೋಗುವ ಅವಕಾಶ ಸಿಕ್ಕಿತು. ಹೆಚ್ಚಿನ ಆನೆಗಳು ನಿಂತಿದ್ದುವು. ಒಂದು ಮಾತ್ರ ಪಕ್ಕಕ್ಕೆ ಮಲಗಿತ್ತು. ಸಣ್ಣ ಗುಡ್ಡವೊಂದು ಉರುಳಿ ಬಿದ್ದಂತೆ. ಸೊಂಡಿಲ ತುದಿ ಆಗಾಗ ಅಲುಗುತ್ತಿತ್ತು. ಅದರ ಪಕ್ಕದಲ್ಲಿ ಕಾವಾಡಿಯೊಬ್ಬ ಕಂಬಳಿ ಹೊದ್ದು ಕುಳಿತಿದ್ದ. ನಾನು ಏನೋ ಕೇಳಲು ಬಾಯಿ ತೆರೆದೆ. ಅವನು ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಕೆ ಸಾರ್. ಈಗ ಮಲಗೈತೆ. ಹೊಸ ಜಾಗ, ನಾನು ಎದ್ದು ಹೋದ್ರೆ ಅದೂ ಎದ್ದುಬಿಡ್ತದೆ" ಎಂದ. ನಾಲ್ಕು ಟನ್ನಿನ ಪ್ರಾಣಿ ಐವತ್ತು ಕಿಲೋದ ಮನುಷ್ಯನನ್ನು ನಂಬಿ ಮಲಗಿತ್ತು!

ಕಾಡಿನಲ್ಲಿ ಆನೆಗೆ ಈ ಸುಖವಿಲ್ಲ. ಆಫ್ರಿಕದ ಬೋಟ್ಸ್‌ವಾನಾ ದೇಶದ ಚೋಬೆ ಅಭಯಾರಣ್ಯದಲ್ಲಿ ಎರಡು ಕಾಡಾನೆಗಳ ಸೊಂಡಿಲಿಗೆ ಪುಟ್ಟ ಉಪಕರಣ ಅಳವಡಿಸಿ ಅಳೆದರು. ಫಲಿತಾಂಶ ೨೦೧೭ರಲ್ಲಿ ಪ್ರಕಟವಾಯಿತು. ದಿನಕ್ಕೆ ಸರಾಸರಿ ಎರಡೇ ಗಂಟೆಯ ನಿದ್ದೆ. ಅದೂ ಬಹುಪಾಲು ನಿಂತುಕೊಂಡೇ. ನೆಲಕ್ಕೊರಗುತ್ತಿದ್ದುದು ಮೂರು ನಾಲ್ಕು ದಿನಕ್ಕೊಮ್ಮೆ. ಕೆಲವು ಸಲ ನಲವತ್ತಾರು ಗಂಟೆಯವರೆಗೆ ನಿದ್ದೆಯೇ ಇಲ್ಲದೆ ನಡೆದುಬಿಟ್ಟಿದ್ದುವು. ಆ ಎರಡೂ ಆನೆಗಳು ಯಾರೆಂದುಕೊಂಡಿರಿ? ಹಿಂಡಿನ ಯಜಮಾನಿಯರು. ಮನೆಯ ಹಿರಿಯ ಹೆಂಗಸರು. ಇದನ್ನು ಓದಿದ ರಾತ್ರಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪಕ್ಕದ ಕೋಣೆಯಿಂದ ಯಾವ ಸದ್ದೂ ಬರಲಿಲ್ಲ.

ನೆಲದ ಮೇಲಿರುವವರ ಪಾಡು ಹೀಗಾದರೆ ನೀರಿನವರದು ಇನ್ನೂ ಕಷ್ಟ. ಡಾಲ್ಫಿನ್ ನೀರಿನಲ್ಲಿದ್ದರೂ ನಮ್ಮಂತೆ ಗಾಳಿ ಉಸಿರಾಡುವ ಪ್ರಾಣಿ. ನಮ್ಮ ಉಸಿರು ನಾವು ಮರೆತರೂ ನಡೆಯುತ್ತದೆ. ಅದರ ಉಸಿರು ಹಾಗಲ್ಲ, ಮೇಲಕ್ಕೆ ಬಂದು ಬೇಕೆಂದೇ ಎಳೆದುಕೊಳ್ಳಬೇಕು. ಪೂರ್ತಿ ಮೈಮರೆತರೆ ಮುಳುಗಿತು. ಹಾಗಾದರೆ ಅದು ಮಲಗುವುದು ಹೇಗೆ? ೧೯೭೦ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಲೆವ್ ಮುಖಮೆಟೊವ್ ಮತ್ತು ಸಂಗಡಿಗರು ಈ ಗುಟ್ಟನ್ನು ಬಯಲಿಗೆ ತಂದರು. ಡಾಲ್ಫಿನ್ನಿನ ಮಿದುಳು ಪಾಳಿಯ ಮೇಲೆ ಮಲಗುತ್ತದೆ. ಎಡ ಅರ್ಧ ಮಲಗಿದಾಗ ಬಲ ಅರ್ಧ ಎಚ್ಚರ. ಬಲ ಅರ್ಧ ಮಲಗಿದಾಗ ಎಡ ಅರ್ಧ ಎಚ್ಚರ. ಒಂದೇ ತಲೆಯೊಳಗೆ ಒಬ್ಬ ನಿದ್ರಿಸುವವನು, ಒಬ್ಬ ಕಾವಲುಗಾರ. ಸಾಕಿದ ಡಾಲ್ಫಿನ್ ಮತ್ತು ಓರ್ಕಾ ತಾಯಂದಿರನ್ನು ಗಮನಿಸಿದವರು ೨೦೦೫ರಲ್ಲಿ ಇನ್ನೊಂದು ಸಂಗತಿಯನ್ನು ಹೇಳಿದರು. ಹೆತ್ತ ಮೊದಲ ತಿಂಗಳಲ್ಲಿ ತಾಯಿಯೂ ಮರಿಯೂ ಹೆಚ್ಚುಕಡಿಮೆ ಹಗಲಿರುಳೂ ಈಜುತ್ತಲೇ ಇರುತ್ತವೆ. ಉಳಿದ ಡಾಲ್ಫಿನ್ನುಗಳು ವಿಶ್ರಮಿಸುವಂತೆ ಒಂದೆಡೆ ನಿಶ್ಚಲವಾಗಿ ನಿಂತದ್ದು ಬಹಳ ಅಪರೂಪ. ಬಾಣಂತಿಗೆ ನಿದ್ದೆಯಿಲ್ಲವೆಂಬುದು ಸಮುದ್ರದಲ್ಲಿಯೂ ನಿಜ.

ಬಾಣಂತಿಯ ಮಾತು ಬಂದದ್ದರಿಂದ ಪೆಂಗ್ವಿನ್ನಿನ ಮಾತನ್ನೂ ಹೇಳಿಬಿಡುತ್ತೇನೆ. ಗಲ್ಲದ ಕೆಳಗೆ ತೆಳ್ಳನೆಯ ಕಪ್ಪು ಪಟ್ಟಿಯಿರುವ ಒಂದು ಜಾತಿಯ ಪೆಂಗ್ವಿನ್ ಅಂಟಾರ್ಕ್ಟಿಕದ ಬಳಿ ಗೂಡು ಕಟ್ಟುತ್ತದೆ. ಗಂಡು ಹೆಣ್ಣುಗಳಲ್ಲಿ ಒಂದು ಸಮುದ್ರಕ್ಕೆ ಹೋದಾಗ ಇನ್ನೊಂದು ಗೂಡು ಕಾಯಬೇಕು. ಮೊಟ್ಟೆ ಕದಿಯುವ ಹಕ್ಕಿಗಳು ಅಲ್ಲೇ ಹೊಂಚುಹಾಕುತ್ತಿರುತ್ತವೆ. ಈ ಪೆಂಗ್ವಿನ್ ಒಂದು ಸಲಕ್ಕೆ ಮಲಗುವುದು ಸುಮಾರು ನಾಲ್ಕು ಸೆಕೆಂಡು. ಕಣ್ಣು ಮುಚ್ಚಿತು, ತೆರೆಯಿತು, ಮುಚ್ಚಿತು, ತೆರೆಯಿತು. ದಿನಕ್ಕೆ ಹತ್ತು ಸಾವಿರ ಸಲಕ್ಕೂ ಹೆಚ್ಚು. ಎಲ್ಲ ಕೂಡಿಸಿದರೆ ಹನ್ನೊಂದು ಗಂಟೆಯ ನಿದ್ದೆಯಾಗುತ್ತದೆಂದು ೨೦೨೩ರಲ್ಲಿ ಲೆಕ್ಕ ಕೊಟ್ಟರು. ಹನಿಗೂಡಿ ಹಳ್ಳವೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಾಣೆ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬಾತು. ಬಾತುಗಳು ಸಾಲಾಗಿ ಮಲಗಿದಾಗ ನಡುವೆ ಇರುವವು ಎರಡು ಕಣ್ಣನ್ನೂ ಮುಚ್ಚಿ ಸೊಂಪಾಗಿ ನಿದ್ರಿಸುತ್ತವೆ. ಸಾಲಿನ ತುದಿಯಲ್ಲಿರುವ ಬಾತು ಹಾಗಲ್ಲ. ಡಾಲ್ಫಿನ್ನಿನಂತೆ ಅದು ಅರ್ಧ ಮಿದುಳಿನಲ್ಲಿ ಮಲಗುವುದು ಹೆಚ್ಚು; ಆಗ ಗುಂಪಿನ ಕಡೆಯ ಕಣ್ಣನ್ನು ಮುಚ್ಚಿ, ಹೊರಗಡೆಯ ಕಣ್ಣನ್ನು ತೆರೆದಿಡುತ್ತದೆ. ೧೯೯೯ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಇದನ್ನು ಓದಿದ ಮರುದಿನ ಬೆಳಗಿನ ತಿರುಗಾಟಕ್ಕೆ ಕುಕ್ಕರಹಳ್ಳಿ ಕೆರೆಗೆ ಹೋದವನು ಏರಿಯ ಮೇಲೆ ನಿಂತು ಹಕ್ಕಿಗಳ ಸಾಲಿನ ತುದಿಯನ್ನೇ ಹುಡುಕಿದೆ. ದೂರದಿಂದ ಕಣ್ಣು ಕಾಣಲಿಲ್ಲ. ಆದರೆ ನನಗೆ ಕಾಣಿಸಿದ್ದು ಬೇರೆಯೇ.

ನಾವು ನಾಲ್ವರು ಮಕ್ಕಳು. ಊರಿನ ಮನೆಯ ಪಡಸಾಲೆಯಲ್ಲಿ ಒಂದೇ ಜಮಖಾನದ ಮೇಲೆ ಸಾಲಾಗಿ ಮಲಗುತ್ತಿದ್ದೆವು. ಗೋಡೆಯ ಕಡೆಯ ಜಾಗಕ್ಕಾಗಿ ನಮ್ಮಲ್ಲಿ ದಿನಾ ಜಗಳ. ಬಾಗಿಲ ಕಡೆಯ ತುದಿಗೆ ಯಾರೂ ಜಗಳವಾಡುತ್ತಿರಲಿಲ್ಲ, ಅದು ಅಮ್ಮನದು. ಬಾಗಿಲಿಗೆ ಮುಖಮಾಡಿ, ಬಲಗೈಯನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದಳು. ಕೊಟ್ಟಿಗೆಯಲ್ಲಿ ಹಸುವಿನ ಕೊರಳ ಗಂಟೆ ಒಂದು ಸಲ ಹೆಚ್ಚಾಗಿ ಅಲುಗಿದರೆ ಎದ್ದುಬಿಡುತ್ತಿದ್ದಳು. ತಂಗಿ ಕೆಮ್ಮುವ ಮೊದಲೇ ಅವಳ ಕೈ ತಂಗಿಯ ಬೆನ್ನಮೇಲಿರುತ್ತಿತ್ತು. ತಾಯಂದಿರೆಂದರೆ ನಿದ್ದೆ ಮಾಡದ ಒಂದು ಜಾತಿ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಅಮ್ಮನಿಗೂ ನಿದ್ದೆ ಬರುತ್ತದೆ, ಬಂದರೂ ಮಾಡುವುದಿಲ್ಲ ಎಂಬುದು ತಿಳಿಯಲು ನನಗೆ ಮಗುವಾಗಬೇಕಾಯಿತು.

ಮಹಾಭಾರತದಲ್ಲಿ ಎರಡು ಆಲದ ಮರಗಳಿವೆ. ಮೊದಲನೆಯದು ಆದಿಪರ್ವದಲ್ಲಿ. ಅರಗಿನ ಮನೆಯಿಂದ ತಪ್ಪಿಸಿಕೊಂಡ ಕುಂತಿಯೂ ಮಕ್ಕಳೂ ದಣಿದು ಕಾಡಿನ ಆ ಮರದ ಕೆಳಗೆ ಮಲಗುತ್ತಾರೆ. ಭೀಮನೊಬ್ಬ ಎಚ್ಚರವಿದ್ದು ಕಾಯುತ್ತಾನೆ. ಹಿಡಿಂಬಾಸುರನಂಥ ರಾಕ್ಷಸ ಬಂದರೂ ಮಲಗಿದವರ ಕೂದಲು ಕೊಂಕುವುದಿಲ್ಲ. ಎರಡನೆಯದು ಯುದ್ಧ ಮುಗಿದ ರಾತ್ರಿ, ಸೌಪ್ತಿಕಪರ್ವದಲ್ಲಿ. ಆ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಗೂಗೆಯೊಂದು ಬಂದು ಕೊಲ್ಲುತ್ತದೆ. ಕೆಳಗೆ ನಿದ್ದೆಯಿಲ್ಲದೆ ಕುಳಿತ ಅಶ್ವತ್ಥಾಮ ಅದನ್ನು ನೋಡಿ ಪಾಠ ಕಲಿಯುತ್ತಾನೆ. ಎದ್ದುಹೋಗಿ ಪಾಂಡವರ ಶಿಬಿರದಲ್ಲಿ ಮಲಗಿದವರನ್ನು ಮಲಗಿದಂತೆಯೇ ಕೊಲ್ಲುತ್ತಾನೆ. ಅಂದು ಆ ಶಿಬಿರದಲ್ಲಿ ಗೆದ್ದ ಸಂತೋಷವಿತ್ತು. ಸಾಲಿನ ತುದಿಯಲ್ಲಿ ಒಂದು ತೆರೆದ ಕಣ್ಣು ಇರಲಿಲ್ಲ. ಹದಿನೆಂಟು ದಿನದ ಯುದ್ಧದಲ್ಲಿ ಉಳಿದ ಮಕ್ಕಳು ಒಂದು ರಾತ್ರಿಯ ನಿದ್ದೆಯಲ್ಲಿ ಹೋದರು. ನಿದ್ದೆಯೆಂಬುದು ಒಬ್ಬನ ಸುಖವಲ್ಲ, ಇಬ್ಬರ ನಡುವಿನ ಒಪ್ಪಂದ ಎಂದು ನನಗೆ ಅನ್ನಿಸಿದ್ದು ಈ ಎರಡು ಮರಗಳನ್ನು ಒಟ್ಟಿಗೆ ನೆನೆದಾಗ.

ಮನುಷ್ಯನಿಗೆ ಮನೆ ಬಂತು, ಬಾಗಿಲು ಬಂತು, ಬೀಗ ಬಂತು. ಆದರೂ ಹಳೆಯ ಬಾತು ಒಳಗೆ ಉಳಿದಿದೆ. ನೆಂಟರ ಮನೆಯಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ದೆ ಬಾರದೆಂಬುದು ಎಲ್ಲರ ಅನುಭವ. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ಇದರ ಕಾರಣವನ್ನು ತೋರಿಸಿದರು. ಹೊಸ ಜಾಗದ ಮೊದಲ ರಾತ್ರಿ ನಮ್ಮ ಮಿದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ಮಲಗುವುದಿಲ್ಲ. ಅಪರಿಚಿತ ಸದ್ದಿಗೆ ಬೇಗ ಎದ್ದುಬಿಡುತ್ತದೆ. ಜಾಗ ಪರಿಚಯವಾದ ಮೇಲೆ ಎರಡೂ ಸಮನಾಗುತ್ತವೆ. ಅರಮನೆಯ ಕಾವಾಡಿ ಆನೆಯ ವಿಷಯದಲ್ಲಿ ಹೇಳಿದ್ದೂ ಇದನ್ನೇ.

ಕಡೆಯದಾಗಿ ಓದಿದ್ದು ಟಾಂಜಾನಿಯ ದೇಶದ ಹಾಡ್ಜಾ ಜನರ ವಿಷಯ. ಬೇಟೆಯಾಡಿ, ಗೆಡ್ಡೆ ಗೆಣಸು ಅಗೆದು ಬದುಕುವ ಅವರು ರಾತ್ರಿ ಯಾರನ್ನೂ ಕಾವಲಿಗೆ ನಿಲ್ಲಿಸುವುದಿಲ್ಲ. ಮೂವತ್ತಮೂರು ಮಂದಿ ವಯಸ್ಕರ ನಿದ್ದೆಯನ್ನು ಇಪ್ಪತ್ತು ದಿನ ಅಳೆದಾಗ, ಎಲ್ಲರೂ ಏಕಕಾಲದಲ್ಲಿ ಗಾಢನಿದ್ದೆಯಲ್ಲಿದ್ದ ಹೊತ್ತು ಒಟ್ಟು ಹದಿನೆಂಟೇ ನಿಮಿಷ! ಒಬ್ಬ ತಡವಾಗಿ ಮಲಗುತ್ತಾನೆ, ಇನ್ನೊಬ್ಬಳು ಬೇಗ ಏಳುತ್ತಾಳೆ, ಮತ್ತೊಬ್ಬ ನಡುವೆ ಎದ್ದು ಕೆಂಡ ಕೆದಕುತ್ತಾನೆ. ಹರೆಯದವರು ಮಲಗುವ ಹೊತ್ತಿಗೆ ಮುದುಕರು ಏಳುವ ಸಮಯವಾಗಿರುತ್ತದೆ. ೨೦೧೭ರಲ್ಲಿ ಇದನ್ನು ಪ್ರಕಟಿಸಿದವರು ಒಂದು ಊಹೆಯನ್ನೂ ಮುಂದಿಟ್ಟರು: ಮುಪ್ಪಿನಲ್ಲಿ ನಿದ್ದೆ ಮುಂಚೆಯೇ ತಿಳಿಯುವುದು ಎಲ್ಲರ ವಿಷಯದಲ್ಲಿಯೂ ರೋಗವಲ್ಲ, ಮಲಗಿದ ಮಕ್ಕಳನ್ನು ಕಾಯಲು ಅಜ್ಜ ಅಜ್ಜಿಯರಿಗೆ ಬಂದ ಪುರಾತನ ಸರದಿ ಅದಾಗಿರಬಹುದು. ಊಹೆ ನಿಜವೋ ಸುಳ್ಳೋ ವಿಜ್ಞಾನಿಗಳು ತೀರ್ಮಾನಿಸಲಿ. ಓದಿದಾಗ ನನ್ನ ಎದೆಗೆ ನಾಟಿತು. ಏಕೆಂದರೆ ನಾನು ಅಮ್ಮನಿಗೆ ಆ ರಾತ್ರಿ ಅಂದದ್ದು ಇದು: "ನೀನೂ ಮಲಗೋದಿಲ್ಲ, ಮಲಗಿದವರನ್ನೂ ಮಲಗಿಸೋದಿಲ್ಲ. ಈ ಮನೇಲಿ ಕದಿಯೋಕೆ ಏನಿದೆ ಅಂತ ಈ ಕಾವಲು?"

ಅಮ್ಮ ಜಗಳವಾಡುವ ಹೆಂಗಸು. ತರಕಾರಿಯವನನ್ನು ಬಿಟ್ಟವಳಲ್ಲ, ತಂದೆಯವರನ್ನೂ ಬಿಟ್ಟವಳಲ್ಲ. ಅಂದು ಮಾತ್ರ ಮುಂಬಾಗಿಲ ಚಿಲಕದ ಮೇಲಿನ ಕೈ ತೆಗೆದು, "ಆಯ್ತು ಮಗೂ" ಎಂದು ಒಳಗೆ ಹೋದಳು.

ಹಾಡ್ಜಾ ಜನರ ವಿಷಯ ಓದಿದ ರಾತ್ರಿಯೂ ನನಗೆ ಎರಡು ಗಂಟೆಗೆ ಎಚ್ಚರವಾಯಿತು. ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ. ಅಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹಜಾರದ ಸಣ್ಣ ದೀಪದ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಬಾಗಿಲ ಕಡೆಗೆ ಮುಖಮಾಡಿ, ಬಲಗೈಯನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದಳು. ಎರಡು ಕಣ್ಣೂ ತೆರೆದಿದ್ದುವು. ಇಷ್ಟು ದಿನವೂ ಸರದಿ ತಪ್ಪಿರಲಿಲ್ಲ; ಸದ್ದು ಮಾತ್ರ ನಿಂತಿತ್ತು.

"ಯಾಕಮ್ಮ, ನಿದ್ದೆ ಬರ್ಲಿಲ್ವಾ?" ಎಂದೆ.

"ನಾನೇನೂ ಏಳ್ಲಿಲ್ಲಪ್ಪ, ಮಲಗೇ ಇದೀನಿ" ಎಂದಳು ಗಾಬರಿಯಿಂದ. ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಗಳ ದನಿಯನ್ನು ನಾನು ಬಹಳ ಕೇಳಿದ್ದೇನೆ. ಹೆತ್ತ ತಾಯಿಯ ಬಾಯಿಂದ ಅದನ್ನು ಕೇಳಬೇಕಾದೀತೆಂದು ಅಂದುಕೊಂಡಿರಲಿಲ್ಲ.

ಕ್ಷಮಿಸು ಎನ್ನುವ ಮಾತು ನಮ್ಮ ಮನೆಯಲ್ಲಿ ರೂಢಿಯಿಲ್ಲ. ನಾನು ಸ್ವಲ್ಪ ಹೊತ್ತು ಹೊಸ್ತಿಲ ಬಳಿ ನಿಂತೆ. ಆಮೇಲೆ, "ಹಿತ್ತಲ ಬಾಗಿಲು ಹಾಕಿದೆನೋ ಇಲ್ಲವೋ ನೆನಪೇ ಆಗ್ತಾ ಇಲ್ಲಮ್ಮ. ನೀನು ಒಂದು ಸಲ ನೋಡಿಬಿಡ್ತೀಯಾ? ನಾನು ನೋಡಿದರೆ ನನಗೆ ನಂಬಿಕೆ ಬರೋದಿಲ್ಲ" ಎಂದೆ. ಬಾಗಿಲು ಹಾಕಿತ್ತು. ಅದು ನನಗೂ ಗೊತ್ತಿತ್ತು. ಬಹುಶಃ ಅವಳಿಗೂ ಗೊತ್ತಿತ್ತು.

ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ಬಳಿಕ ಮೊಣಕೈ ಊರಿ ಎದ್ದು, ಸೆರಗು ಸರಿಮಾಡಿಕೊಂಡು, "ನಿನ್ನ ಮರೆವು ನಿಮ್ಮಪ್ಪನದೇ. ಹೋಗು, ಮಲಕೋ. ನಾನು ನೋಡ್ಕೋತೀನಿ" ಎಂದಳು.

ನಾನು ಹೋಗಿ ಮಲಗಿದೆ. ಹಿತ್ತಲ ಬಾಗಿಲ ಚಿಲಕ ಅಲುಗಿದ್ದು ಕೇಳಿಸಿತು. ಅಡುಗೆಮನೆಯಲ್ಲಿ ಏನೋ 'ಠಣ್' ಎಂದಿತು. ಮುಂಬಾಗಿಲ ಚಿಲಕದ ಸದ್ದು ಕೇಳಿಸಲಿಲ್ಲ. ಅಷ್ಟು ಹೊತ್ತಿಗೆ ನನಗೆ ನಿದ್ದೆ ಹತ್ತಿತ್ತು.